ಮೋರಿ ಮೇಲೆ ಮಲಗಿಸಿದ ವೀರ

ನಿನ್ನೆ ಸಂಜೆ ಹಳೇಬೀಡಿಂದ ವಾಪಸ್ ಬರ್ತಾ ಒಂದು ಊರಲ್ಲಿ ಟೀ ಕುಡಿಯೋಣ ಅಂತ ಬೈಕ್ ನಿಲ್ಸಿ ಇಳಿದೆ. ಅಂಗಡಿ ಮುಂದಿನ ಮೋರಿಗೆ ಹಾಸಿರೋ ಚಪ್ಪಡಿ ಮೇಲೆ ಕಾಲಿಟ್ರೆ ಅಡೀಲಿ ಏನೋ ಉಬ್ಬು. ಬಗ್ಗಿ ನೋಡ್ತೀನಿ, ಕತ್ತಿ ಎತ್ತಿರೋ ಕೈ! ವೀರಗಲ್ಲು ಕಣ್ರೀ, ಕಾದಾಡಿ ಸತ್ತವರ ನೆನಪಿಗೆ ನೆಡ್ತಿದ್ದ ಕಲ್ಲು. ಕೆಳಗಿನ ಪಟ್ಟೀಲಿ ಕಾಳಗ, ನಡುವಿನದ್ರಲ್ಲಿ ಅಪ್ಸರೆಯರು ಅವನನ್ನ ಎರಡೂ ಕಡೆಯಿಂದ ಹಿಡ್ಕೊಂಡು ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿರೋದು, ಮೇಲಿನ ಪಟ್ಟಿ ಸಿಮೆಂಟಲ್ಲಿ ಮುಚ್ಚಿಹೋಗಿದೆ. ಪಟ್ಟಿಗಳ ಮಧ್ಯೆ ಒಂದೂವರೆ ಸಾಲು ಅಕ್ಷರ ಇತ್ತು, ಗಾಡಿಗಳು ಹತ್ತಿ ಇಳಿದು ಸವೆದು ನುಣ್ಣಗಾಗಿದೆ.

ಅಂಗಡಿಯವ್ರನ್ನ ಕೇಳಿದೆ. "ಗದ್ದೆ ಬದೀಲಿ ಬಿದ್ದಿತ್ತಣ್ಣ, ಚಪ್ಪಟೆಗೈತಲ್ಲ ಅಂತ ಮೋರಿ ಮಾಡ್ದಾಗ ತಂದು ಹಾಕುದ್ರು" ಅಂದ್ರು. ಅವರ ಮೇಲೆ ಕೋಪ ಇಲ್ಲ, ಅವರಿಗೆ ಯಾರು ಹೇಳಿದ್ದಾರೆ? ಕೋಪ ಇರೋದು ನಮ್ಮಂಥ ಓದಿದೋರ ಮೇಲೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಇಲ್ಲೇ ಸ್ಟೇಟಸ್ ಹಾಕಿದ್ವಲ್ಲ, ನಮ್ಮ ಜಿಲ್ಲೆ ನಮ್ಮ ಹೆಮ್ಮೆ ಅಂತ. ಆ ದೇವಸ್ಥಾನಗಳು ಯಾರ ರಕ್ತದ ಮೇಲೆ ನಿಂತಿವೆ ಅಂತ ಒಬ್ರೂ ಒಂದು ಸಾಲು ಬರೀಲಿಲ್ಲ.

ತಲಕಾಡು ಅಂದ್ರೆ ಎಲ್ರಿಗೂ ಮರಳು, ಪಂಚಲಿಂಗ ದರ್ಶನ ಅಷ್ಟೇ ನೆನಪಾಗೋದು. ಅದು ಮೈಸೂರು ಕಡೆಯದ್ದು, ನಮಗೇನು ಸಂಬಂಧ ಅಂತ. ಸಂಬಂಧ ಏನು ಅಂದ್ರೆ, ಹೊಯ್ಸಳರು ಮೊದಲು ನಮ್ಮ ಮೂಡಿಗೆರೆ ತಾಲೂಕಿನ ಅಂಗಡಿ ಅನ್ನೋ ಊರಿನ ಕಡೆ, ಆಗಿನ ಸೊಸೆವೂರಲ್ಲಿ ಇದ್ದ ಮಲೆನಾಡಿನ ಸಣ್ಣ ಒಡೆಯರು. ಮಲೆಪರೊಳ್ ಗಂಡ ಅನ್ನೋ ಬಿರುದೇ ಹೇಳುತ್ತೆ, ಮಲೆಯವರಲ್ಲಿ ವೀರ ಅಂತ. ಕೆಳಗೆ ಕಾವೇರಿ ಬಯಲಿನ ಭತ್ತದ ಸೀಮೆ ಗಂಗವಾಡಿ ನೂರು ವರ್ಷಕ್ಕೂ ಮೇಲೆ ಚೋಳರ ಕೈಲಿತ್ತು, ತಲಕಾಡಿಗೆ ರಾಜರಾಜಪುರ ಅಂತ ಹೆಸರೂ ಇಟ್ಟಿದ್ರು. 1116ರ ಹೊತ್ತಿಗೆ ಹೊಯ್ಸಳ ರಾಜ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹೋಗಿ ಬಿಟ್ಟುಕೊಡು ಅಂದ್ರೆ, ಚೋಳರ ಸಾಮಂತ ಅದಿಯಮ ಕಾದಿ ತಗೋ ಅಂದ ಅಂತ ಶಾಸನದಲ್ಲೇ ಇದೆ. ಕಾದಿ ತಗೊಂಡ್ರು. ರಾಜ ತಲಕಾಡುಗೊಂಡ, ಅಂದ್ರೆ ತಲಕಾಡು ಗೆದ್ದೋನು ಆದ, ಆ ಬಿರುದನ್ನ ಕನ್ನಡದಲ್ಲೇ ಚಿನ್ನದ ನಾಣ್ಯದ ಮೇಲೆ ಹಾಕಿಸಿದ. ಮುಂದಿನ ವರ್ಷ 1117ರಲ್ಲಿ ಬೇಲೂರಲ್ಲಿ ದೇವರ ಪ್ರತಿಷ್ಠೆ, ದೇವರ ಹೆಸರು ವಿಜಯನಾರಾಯಣ. ನಾವು ಕಲ್ಲಲ್ಲಿ ಕೊರೆದ ಬಳೆ ಎಣಿಸಿ ಫೋಟೋ ತೆಗ್ದು ಬರೋ ಗುಡಿಯ ಹೆಸರಲ್ಲೇ ಯುದ್ಧ ಇದೆ ಕಣ್ರೀ! ದೇವಸ್ಥಾನ ಕಟ್ಟಿಸೋಕೆ ಭಕ್ತಿ ಕಾರಣ ಅಲ್ವಾ, ರಾಮಾನುಜಾಚಾರ್ಯರು ಕಾರಣ ಅಲ್ವಾ ಅಂತ ಕೇಳ್ತೀರ, ಇರಲಿ, ಭಕ್ತಿ ಬೇಡ ಅಂದೋರು ಯಾರು, ಆದ್ರೆ ಅಷ್ಟು ದೊಡ್ಡ ಗುಡಿ ಏಳಿಸೋ ಬಲ ಬಂದಿದ್ದು ಬಯಲುಸೀಮೆ ಕೈಗೆ ಬಂದ ಮೇಲೆ.

ಅದೇ ಗಂಗರಾಜ 1118ರಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯರ ಸೈನ್ಯದ ಮೇಲೆ ರಾತ್ರಿ ಹೊತ್ತು ಬಿದ್ದ, ಹನ್ನೆರಡು ಜನ ಸಾಮಂತರು ಇದ್ದ ಸೈನ್ಯ ಅದು. ರಾಜ ಮೆಚ್ಚಿ ಏನು ಬೇಕು ಕೇಳು ಅಂದ್ರೆ ಪರಮ ಅನ್ನೋ ಹಳ್ಳಿ ಕೇಳಿ, ಅದನ್ನೂ ತಾಯಿ, ಹೆಂಡತಿ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟ. ಶ್ರವಣಬೆಳಗೊಳದ ಶಾಸನ ಓದಿ, ಮೈ ಜುಮ್ ಅನ್ನುತ್ತೆ.

ದಂಡನಾಯಕನಿಗೆ ಶಾಸನ ಸಿಕ್ತು. ಜೊತೆಗೆ ಹೋದ ನಮ್ಮ ಊರಿನ ರೈತನ ಮಗನಿಗೆ ಸಿಕ್ಕಿದ್ದು ಒಂದು ಕಲ್ಲು. ವೀರಗಲ್ಲಲ್ಲಿರೋರೆಲ್ಲ ರಾಜನ ಯುದ್ಧದಲ್ಲೇ ಸತ್ತೋರಲ್ಲ, ದನ ಹೊಡ್ಕೊಂಡು ಹೋಗೋರನ್ನ ತಡೆಯೋಕೆ ಹೋಗಿ ಸತ್ತೋರಿದ್ದಾರೆ, ಅದಕ್ಕೆ ತುರುಗೊಳ್ ಅಂತಿದ್ರು. ಊರಳಿವು ಅಂದ್ರೆ ಊರಿನ ಮೇಲೆ ಬಿದ್ದಾಗ ಕಾದು ಸತ್ತೋರು, ಪೆಣ್ಬುಯ್ಯಲ್ ಅಂದ್ರೆ ಹೆಣ್ಣುಮಕ್ಕಳ ಮಾನ ಕಾಯೋಕೆ ಸತ್ತೋರು. ಒಂದೊಂದು ಸಾವಿಗೂ ಒಂದೊಂದು ಹೆಸರು ಇಟ್ಟಿದ್ದ ಭಾಷೆ ನಮ್ದು. ಅಷ್ಟೇ ಯಾಕೆ, ಬೇಲೂರು ತಾಲೂಕಿನ ಹಲ್ಮಿಡಿ ಶಾಸನ, ಕನ್ನಡದ ಮೊದಲ ಶಾಸನ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಲ್ಲ, ಅದ್ರಲ್ಲಿ ಇರೋದೇನು? ಯುದ್ಧದಲ್ಲಿ ಕಾದಿದವನಿಗೆ ಬಾಳ್ಗಳ್ಚು ಅಂತ, ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ. ಸುಮಾರು ಕ್ರಿ.ಶ. 450ರಲ್ಲೇ ಕಾದಿದವನ ಋಣ ತೀರಿಸೋಕೆ ಕಲ್ಲು ನೆಟ್ಟ ತಾಲೂಕು ಇದು, ಇವತ್ತು ಅದೇ ತಾಲೂಕಲ್ಲಿ ಅವನನ್ನ ಚರಂಡಿ ಮೇಲೆ ಮಲಗಿಸಿದ್ದೀವಿ.

ರಾತ್ರಿ ಫ್ರೆಂಡ್‌ಗೆ ಫೋನ್ ಮಾಡಿ ಹೇಳ್ಕೊಂಡ್ರೆ, "ಬಿಡೋ, ಅಂಥವು ಊರೂರಲ್ಲೂ ಬಿದ್ದಿವೆ, ಎಷ್ಟೂಂತ ಕಾಯ್ತೀಯ" ಅಂದ. ಊರೂರಲ್ಲೂ ಇವೆ ಅಂದ್ರೆ ಊರೂರಲ್ಲೂ ಸತ್ತಿದ್ದಾರೆ ಅಂತ ಅಲ್ವೇನೋ? ಜಾಸ್ತಿ ಇದ್ದ ಮಾತ್ರಕ್ಕೆ ಬೆಲೆ ಕಮ್ಮಿ ಆಗೋಕೆ ಇದೇನು ಟೊಮ್ಯಾಟೋನಾ?

ಒಂದು ಮಾತು ಹೇಳ್ದೆ ಮುಗಿಸಿದ್ರೆ ಮೋಸ ಆಗುತ್ತೆ. ನಮ್ಮ ಹಳೇ ಮನೆ ಹಿತ್ತಲಲ್ಲಿ ಅಜ್ಜಿ ಬಟ್ಟೆ ಒಗೀತಿದ್ದ ಕಲ್ಲು ನಿಮ್ಮಲ್ಲಿ ಕೆಲವರು ನೋಡಿದ್ದೀರ. ಅದೂ ವೀರಗಲ್ಲೇ. ಮಗುಚಿ ಹಾಕಿದ್ರು, ಕೆತ್ತನೆ ಮಣ್ಣಿನ ಕಡೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಅದ್ರ ಅಂಚಲ್ಲಿ ಮಚ್ಚು ಮಸೀತಿದ್ದೆ, ಅಂಚಲ್ಲಿ ಅಕ್ಷರ ಇದ್ದಿದ್ದು ಕಣ್ಣಿಗೆ ಬಿದ್ದಿತ್ತು, ಆದ್ರೂ ಮಸೀತಿದ್ದೆ. ಮಸೆದು ಮಸೆದು ಯಾರ ಹೆಸರು ಅಳಿಸಿದ್ನೋ. ನಿನ್ನೆ ಆ ಮೋರಿ ಮುಂದೆ ನಿಂತಾಗ ಅದೇ ನೆನಪಾಗಿ ಟೀ ಗಂಟಲಲ್ಲಿ ಇಳೀಲಿಲ್ಲ.

ಊರಿನ ಹಿರೀಕರ ಹತ್ರ ಮಾತಾಡಿದ್ದೀನಿ, ಮೋರಿಗೆ ಬೇರೆ ಚಪ್ಪಡಿ ಕೊಡಿಸಿದ್ರೆ ಈ ಕಲ್ಲನ್ನ ಬಸವಣ್ಣನ ಗುಡಿ ಪಕ್ಕ ನಿಲ್ಲಿಸೋಕೆ ಒಪ್ಪಿದ್ದಾರೆ. ಚಪ್ಪಡಿ ನಾನು ಕೊಡಿಸ್ತೀನಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡೋದು. ಹಾರೆ, ಹಗ್ಗ ಇದೆ, ಟ್ರ್ಯಾಕ್ಟರ್ ಇರೋರು ಒಬ್ರು ಬೇಕು. ಸಿಮೆಂಟ್ ಕೆರೆಯೋಕೆ ಹೋಗಿ ಉಳಿ ಹಾಕಬೇಡಿ, ನೀರು ಮತ್ತೆ ತೆಂಗಿನ ನಾರು ಸಾಕು. ಮಧ್ಯಾಹ್ನ ಎಲ್ರೂ ನಮ್ಮ ಹಳೇ ಮನೆಗೆ ಬನ್ನಿ, ಅಜ್ಜಿ ಕಲ್ಲನ್ನೂ ಮಗುಚಬೇಕು.