ನಾನು ಯಾರು ಅಂತ ಕೇಳಿ, ನೀವು ಯಾರು ಅಂತ ಕೇಳಬೇಡಿ

ಅಹಂಕಾರ ಕಳೆಯುವ ಶಿಬಿರದ ಬ್ಯಾನರ್‌ನಲ್ಲಿ ಗುರುಗಳ ಮುಖ ಎಷ್ಟು ದೊಡ್ಡದಿರಬೇಕು? ದ್ವೈತಿಗಳು, ಅದ್ವೈತಿಗಳು ಜಗಳವಾಡದ ವಿಷಯ ಇದೊಂದೇ. ಬ್ಯಾನರ್ ಎಷ್ಟಿದೆಯೋ ಅಷ್ಟು. ಹೆಸರಿನ ಮುಂದೆ ಶ್ರೀಗಳ ಸಾಲು, ಹಿಂದೆ ಒಂದು ಜೀ. ಮಿಕ್ಕ ಜಾಗದಲ್ಲಿ ಸಣ್ಣಕ್ಷರದಲ್ಲಿ: ‘ನಾನು ಎಂಬುದನ್ನು ಬಿಟ್ಟುಬಿಡಿ. ಕೆಲವೇ ಸೀಟುಗಳು ಉಳಿದಿವೆ.’

ಆತ್ಮಕ್ಕೆ ಆದಿ ಅಂತ್ಯ ಇಲ್ಲ. ಸೀಟಿಗೆ ಇದೆ. ಏನು ಮಾಡೋಕಾಗುತ್ತೆ, ಹಾಲ್ ಇರೋದೇ ಅಷ್ಟು.

ಸೇರಲು ಒಂದು ಫಾರಂ ತುಂಬಬೇಕು. ಹೆಸರು, ವಯಸ್ಸು, ಉದ್ಯೋಗ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದು ಸಹಿ ಹಾಕಿ ಒಳಗೆ ಕಾಲಿಟ್ಟರೆ ಮೊದಲ ಪ್ರಶ್ನೆ: ‘ನೀವು ಯಾರು?’ ಈಗ ತಾನೇ ಬರೆದುಕೊಟ್ಟೆನಲ್ಲ ಸ್ವಾಮಿ ಅನ್ನುವಂತಿಲ್ಲ. ಅದು ದೇಹದ ವಿವರ. ದೇಹ ನೀವಲ್ಲ. ರಸೀದಿ ಮಾತ್ರ ದೇಹದ ಹೆಸರಿಗೇ ಇರುತ್ತದೆ.

ಆಮೇಲೆ ಹಂತಗಳು ಶುರು. ಮೊದಲ ಹಂತದಲ್ಲಿ ನೀವು ದೇಹವಲ್ಲ, ಎರಡರಲ್ಲಿ ಮನಸ್ಸಲ್ಲ, ಮೂರರಲ್ಲಿ ಏನೂ ಅಲ್ಲ. ನಾಲ್ಕನೆಯದು ಶಿಕ್ಷಕರ ತರಬೇತಿ. ಏನೂ ಅಲ್ಲದವರಿಗೆ ಅಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಇನಿಶಿಯಲ್ ತಪ್ಪಾಗಿದ್ದರೆ ಅಲ್ಲೇ ಜಗಳ.

ಮೊಬೈಲ್ ಹಿಡಿದು ಧ್ಯಾನ ಮಾಡುವವರ ಪಾಡು ಬೇರೆ. ‘ಇವತ್ತು ಕೂರದಿದ್ದರೆ ನಿಮ್ಮ ಸರಣಿ ಮುರಿಯುತ್ತದೆ’ ಎಂದು ಆ್ಯಪ್ ರಾತ್ರಿ ಎಚ್ಚರಿಸುತ್ತದೆ. ನೆಮ್ಮದಿಯಾಗಿ ಮಲಗಿದ್ದವನು ಶಾಂತಿಗಾಗಿ ಗಾಬರಿಯಿಂದ ಎದ್ದು ಕೂರುತ್ತಾನೆ. 2024ರಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಎಂದು ಘೋಷಿಸಿತು. ಒಳ್ಳೆಯದೇ. ಆದರೆ ದಿನ ಅಂತ ಒಂದು ಬಂದರೆ ದಾಖಲೆಯೂ ಬೇಕಲ್ವಾ? ಕಣ್ಣು ಮುಚ್ಚಿ ಕೂತವರನ್ನು ಎಣಿಸಲು ಕಣ್ಣು ಬಿಟ್ಟವರ ಇನ್ನೊಂದು ತಂಡ ಬೇಕಾಗುತ್ತದೆ.

ಇಷ್ಟನ್ನು ನಕ್ಕು ಬಿಡಬಹುದು. ನನಗೆ ನಿಜಕ್ಕೂ ಬೆರಗು ಹುಟ್ಟಿಸುವುದು ‘ನಾನು ಯಾರು’ ಎಂದು ತನ್ನನ್ನೇ ಕೇಳಿಕೊಳ್ಳುವ ಆತ್ಮವಿಚಾರ ನೊಣ ಹೊಡೆಯುವ ಬ್ಯಾಟ್ ಆಗಿರುವ ರೀತಿ. ಯಾವ ಪ್ರಶ್ನೆ ಹಾರಿ ಬಂದರೂ ಒಂದೇ ಏಟು. ಸಾಧಕ ಹೇಳುತ್ತಾನೆ: ‘ಊಟ ತಣ್ಣಗಿದೆ.’ ಉತ್ತರ: ‘ತಣ್ಣಗಿದೆ ಎಂದು ಅರಿತವನು ಯಾರು?’ ‘ಕಳೆದ ಶಿಬಿರದ ದೇಣಿಗೆ ಎಲ್ಲಿ ಹೋಯಿತು?’ ‘ಲೆಕ್ಕ ಕೇಳುತ್ತಿರುವುದು ನಿಮ್ಮೊಳಗಿನ ಅಹಂ. ಅದನ್ನು ಗಮನಿಸಿ.’ ‘ಗುರುಗಳಿಗೆ ಸಾಕ್ಷಾತ್ಕಾರ ಆಗಿದೆ ಅಂತ ಗೊತ್ತಾಗುವುದು ಹೇಗೆ?’ ಇದನ್ನು ಕೇಳಿದವನಿಗೆ ಮೂರು ದಿನ ಮೌನ ವಿಧಿಸುತ್ತಾರೆ, ಅವನ ಒಳ್ಳೆಯದಕ್ಕೇ.

ಈ ಬ್ಯಾಟು ಒಂದೇ ದಿಕ್ಕಿಗೆ ಬೀಸುತ್ತದೆ. ಗುರುಗಳ ಕೋಣೆಯ ಏಸಿ ಕೆಟ್ಟರೆ ‘ಸೆಕೆ ಆಗುತ್ತಿರುವುದು ಯಾರಿಗೆ?’ ಎಂದು ಯಾರೂ ವಿಚಾರ ಮಾಡುವುದಿಲ್ಲ. ಮೆಕ್ಯಾನಿಕ್ ಬರುತ್ತಾನೆ.

ಹಾಗಂತ ಎಲ್ಲ ಕಡೆಯೂ ಹೀಗೇ ಅಲ್ಲ. ಎಸ್. ಎನ್. ಗೋಯೆಂಕಾ ಪರಂಪರೆಯ ವಿಪಶ್ಯನ ಧ್ಯಾನ ಶಿಬಿರಗಳಲ್ಲಿ ಹತ್ತು ದಿನ ಊಟ, ವಸತಿ ಕೊಟ್ಟೂ ಶುಲ್ಕ ಕೇಳುವುದಿಲ್ಲ. ಇಷ್ಟವಿದ್ದವರು ಕೊನೆಗೆ ದಾನ ಕೊಡಬಹುದು.

ಹಿಂದಿನ ಕಾಲದಲ್ಲಿ ಜ್ಞಾನಿಗಳು ಏನನ್ನೂ ಮುಟ್ಟುತ್ತಿರಲಿಲ್ಲ ಎನ್ನುವುದೂ ಸುಳ್ಳು. ಬೃಹದಾರಣ್ಯಕ ಉಪನಿಷತ್ತಿನ ಜನಕರಾಜ ಸಾವಿರ ಹಸುಗಳ ಕೊಂಬಿಗೆ ಚಿನ್ನ ಕಟ್ಟಿ ನಿಲ್ಲಿಸುತ್ತಾನೆ. ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಬ್ರಹ್ಮಜ್ಞಾನಿ ಹೊಡೆದುಕೊಂಡು ಹೋಗಲಿ ಎನ್ನುತ್ತಾನೆ. ಯಾಜ್ಞವಲ್ಕ್ಯ ಚರ್ಚೆಗೂ ಮುಂಚೆಯೇ ಹಸುಗಳನ್ನು ಅಟ್ಟಿಕೊಂಡು ಹೋಗಲು ಶಿಷ್ಯನಿಗೆ ಹೇಳುತ್ತಾನೆ. ಪೂರ್ತಿ ಅಡ್ವಾನ್ಸ್! ಆದರೆ ಆಮೇಲೆ ತುಂಬಿದ ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಯಿತು. ಹಾಗೆ ಕೇಳಿದವರಲ್ಲಿ ಒಬ್ಬಳಾದ ಗಾರ್ಗಿಗೆ ‘ಅತಿಯಾಗಿ ಕೇಳಬೇಡ, ತಲೆ ಬಿದ್ದೀತು’ ಎಂದು ಗದರಿದ್ದೂ ಉಂಟು. ಆಕೆ ಸುಮ್ಮನಾದಳು, ಸ್ವಲ್ಪ ಹೊತ್ತು. ಮತ್ತೆ ಎದ್ದು ಇನ್ನೆರಡು ಪ್ರಶ್ನೆ ಹಾಕಿದಳು.

ಈಗಿನ ಶಿಬಿರದಲ್ಲಿ ಗಾರ್ಗಿಗೆ ಮೈಕ್ ಸಿಗುವುದಿಲ್ಲ. ಚೀಟಿಯಲ್ಲಿ ಬರೆದು ಕೊಡಿ ಅನ್ನುತ್ತಾರೆ. ಅಷ್ಟು ಚೀಟಿಗಳಲ್ಲಿ ಗುರುಗಳ ಕೈಗೆ ತಾನಾಗೇ ಬರುವುದು ಇದೊಂದೇ: ‘ಇಷ್ಟೆಲ್ಲ ಸಾಧಿಸಿಯೂ ನೀವು ಇಷ್ಟು ಸರಳವಾಗಿರುವುದು ಹೇಗೆ?’

ವೇದಿಕೆಯ ಹಿಂದೆ ರಮಣ ಮಹರ್ಷಿಗಳ ಫೋಟೋ ಇರುತ್ತದೆ, ಮಾಲೆ ಸಮೇತ. ‘ನಾನು ಯಾರು’ ವಿಚಾರಕ್ಕೆ ಅವರ ಹೆಸರೇ ಬಂಡವಾಳ. ಅವರ ಕತೆ ಆಯೋಜಕರಿಗೆ ಸ್ವಲ್ಪ ಇರುಸುಮುರುಸು ತರುವಂಥದ್ದು. 1896ರಲ್ಲಿ, ಹದಿನಾರರ ಹುಡುಗ, ಮದುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾಗ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಹೆಣದ ಹಾಗೆ ಮಲಗಿ, ಸಾಯುವುದು ಯಾರು ಎಂದು ನೋಡಿದ. ಎರಡನೇ ಹಂತವೇ ಇರಲಿಲ್ಲ. ಕೆಲವೇ ವಾರಗಳಲ್ಲಿ, ಅಣ್ಣನ ಕಾಲೇಜು ಫೀಸಿನ ಐದು ರೂಪಾಯಿಯಲ್ಲಿ ಮೂರು ತೆಗೆದುಕೊಂಡು ತಿರುವಣ್ಣಾಮಲೈಗೆ ಹೊರಟ. ಅಣ್ಣನಿಗೆ ಒಂದು ಚೀಟಿ ಬರೆದಿಟ್ಟ. ‘ಇದನ್ನು’ (ಅಂದರೆ ತನ್ನನ್ನು) ಹುಡುಕಲು ಹಣ ಖರ್ಚು ಮಾಡಬೇಡಿ, ನಿನ್ನ ಫೀಸು ಕಟ್ಟಿಲ್ಲ, ಎರಡು ರೂಪಾಯಿ ಇದರ ಜೊತೆಗಿದೆ ಎಂಬುದು ಅದರ ಸಾರಾಂಶ. ಸಹಿ ಇರಬೇಕಾದ ಕಡೆ ಬರೀ ಒಂದು ಗೆರೆ.

ಈ ಚೀಟಿ ಇಂದಿನ ಆಯೋಜಕರ ಕೈಗೆ ಸಿಕ್ಕರೆ ಆ ಗೆರೆಯ ಜಾಗಕ್ಕೆ ಕ್ಯೂಆರ್ ಕೋಡ್ ಬರುತ್ತದೆ. ಹಣ ಖರ್ಚು ಮಾಡಬೇಡಿ ಎಂಬ ಸಾಲು ಅಚ್ಚಿನ ತಪ್ಪು ಎಂದು ತೀರ್ಮಾನವಾಗುತ್ತದೆ. ಉಳಿದ ಎರಡು ರೂಪಾಯಿ ವಾಪಸ್ ಕೊಟ್ಟದ್ದನ್ನು ತೋರಿಸಿ ನೀವೂ ಕೌಂಟರ್‌ನಲ್ಲಿ ರೀಫಂಡ್ ಕೇಳಿ ನೋಡಿ. ಸ್ವಯಂಸೇವಕ ಕಂಪ್ಯೂಟರ್ ನೋಡಿ ಮೃದುವಾಗಿ ನಗುತ್ತಾನೆ: ‘ಅದು ಅರ್ಲಿ ಬರ್ಡ್ ಆಫರ್ ಸಾರ್. 1896ಕ್ಕೇ ಮುಗಿಯಿತು.’