ನೆಲಮಂಗಲ ದಾಟಿದರೆ ಅಮೆರಿಕ

ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಸುಮಾರು 14,000 ಕಿಲೋಮೀಟರ್. ನೇರ ವಿಮಾನದಲ್ಲಿ ಹದಿನಾರು ಹದಿನೇಳು ಗಂಟೆ. ಮೊಬೈಲಿನಲ್ಲಿ ಯಾರು ಹುಡುಕಿದರೂ ಇಷ್ಟು ಸಿಗುತ್ತೆ. ಹಾಸನದಿಂದ ದೇವನಹಳ್ಳಿಗೆ ಎಷ್ಟು ಹೊತ್ತು ಅಂತ ಕೇಳಿ ನೋಡಿ, ಅದೇ ಮೊಬೈಲು ನಾಲ್ಕು ಗಂಟೆ ಅಂತ ನಾಚಿಕೆಯಿಲ್ಲದೆ ಸುಳ್ಳು ಹೇಳುತ್ತೆ. ಮೊನ್ನೆ ಅಕ್ಕನ ಮಗನನ್ನು ಕರೆತರಲು ಕಾರು ಓಡಿಸಿದವನು ನಾನು. ಸೊಂಟ ಇನ್ನೂ ನೆಟ್ಟಗಾಗಿಲ್ಲ.

ರಸ್ತೆಗಿಂತ ಹೆಚ್ಚು ಸುಸ್ತು ಮಾಡಿದವರು ಭಾವ. ರಿಟೈರಾದ ಗಣಿತದ ಮೇಷ್ಟ್ರು. ಟಿಕೆಟ್ ಬುಕ್ ಆಗಿದ್ದೇ ತಡ, ಮೊಮ್ಮಗಳ ಗ್ಲೋಬ್ ಕಸಿದುಕೊಂಡರು. ಅಕ್ಕನ ಹೂ ಕಟ್ಟುವ ದಾರವೂ ಹೋಯಿತು. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಹೆಬ್ಬೆರಳಲ್ಲಿ ಒತ್ತಿ ಬಿಗಿಯಾಗಿ ಎಳೆದು, "ನೋಡಯ್ಯಾ, ದಾರ ಸೀದಾ ಉತ್ತರ ಧ್ರುವದ ಹತ್ರ ಹೋಯ್ತು. ದುಂಡಗಿರೋ ಭೂಮಿಗೆ ಇದೇ ಅಡ್ಡದಾರಿ" ಅಂತ ಶುರು. ಹಾಲಿನವನು, ಪೇಪರ್ ಹುಡುಗ, ಯಾರೂ ಈ ಪಾಠ ಕೇಳದೆ ಗೇಟು ದಾಟಿಲ್ಲ. 2021ರ ಜನವರಿಯಲ್ಲಿ ಆ ಮಾರ್ಗದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದ ಕಥೆಯನ್ನು ಗ್ಯಾಸಿನವನು ತುಂಬಿದ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಕೇಳಿದ. ಪುಣ್ಯಾತ್ಮ.

ಭಾವ ಸೋತಿದ್ದು ಅವರ ಅಮ್ಮನ ಮುಂದೆ ಮಾತ್ರ. ಹುಡುಗ ಶನಿವಾರ ರಾತ್ರಿ ಹತ್ತಿ ಸೋಮವಾರ ಬೆಳಗಿನ ಜಾವ ಇಳಿಯುತ್ತಾನೆ, ಭಾನುವಾರ ಆಕಾಶದಲ್ಲೇ ಕರಗಿಹೋಗುತ್ತೆ ಅಂದಾಗ ಅಜ್ಜಿ ಕೇಳಿದರು: "ಭಾನುವಾರ ಏಕಾದಶಿ ಬಿದ್ದಿದ್ರೆ ಉಪವಾಸ ಎಲ್ಲಿ ಮಾಡ್ಬೇಕಿತ್ತೋ?"

ನಾವು ಹೊರಟಿದ್ದು ಭಾನುವಾರ ಸಂಜೆ. ಸಕಲೇಶಪುರ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಮಳೆ ನೋಡಿಕೊಂಡು ವಾಪಸಾಗುವ ಬೆಂಗಳೂರೆಲ್ಲ ಆ ಹೊತ್ತಿಗೆ ನೆಲಮಂಗಲದಲ್ಲೇ ಇರುತ್ತೆ. ನಮ್ಮ ಹಾಸನದ ಪಕ್ಕದ ಬೂವನಹಳ್ಳಿಯಲ್ಲೇ ವಿಮಾನ ನಿಲ್ದಾಣ ಆಗುತ್ತೆ ಅಂತ ನನ್ನ ಕೂದಲು ಕಪ್ಪಗಿದ್ದಾಗಿನಿಂದ ಕೇಳುತ್ತಿದ್ದೇನೆ, ಇರಲಿ.

ಭಾವ ವಾಚು ನೋಡಿದರು. "ನಾವಿಲ್ಲಿ ನಿಂತು ಇಪ್ಪತ್ತು ನಿಮಿಷ. ಗಂಟೆಗೆ 900 ಅಂದ್ರೆ ವಿಮಾನ ಅಷ್ಟರಲ್ಲಿ 300 ಕಿಲೋಮೀಟರ್ ಬಂತು. ಇಲ್ಲಿಂದ ಹಾಸನಕ್ಕೆ ಹೋಗಿ ವಾಪಸ್ ಬಂದಷ್ಟು!"

ಮುಂದಿದ್ದ ಈರುಳ್ಳಿ ಲಾರಿ ಒಂದು ಮಾರು ಸರಿಯಿತು. ಅದಕ್ಕೂ ಗಂಟೆಗೆ ಎಷ್ಟು ಅಂತ ಲೆಕ್ಕ ಹಾಕಿದರು. ಈ ವೇಗದಲ್ಲಿ ಹುಡುಗನೇ ಇಳಿದು, ಬಸ್ಸು ಹತ್ತಿ ಬಂದು ನಮ್ಮನ್ನು ಕರೆದುಕೊಂಡು ಹೋಗಬಹುದು ಅಂತಲೂ ತೇಲಿಸಿದರು. "ಭಾವ, ದಯವಿಟ್ಟು ಸ್ವಲ್ಪ ಕಣ್ಣು ಮುಚ್ಚಿ ಕೂತ್ಕೊಳ್ಳಿ" ಅಂದೆ. ಕಣ್ಣು ಮುಚ್ಚಿಕೊಂಡೇ, "ಈಗ 340" ಅಂದರು.

ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು, "ಊಟ ಕೊಟ್ಟಿರ್ತಾರಾ?"

ಭಾವ ಉತ್ತರಿಸಲಿಲ್ಲ. ಮಗ ಅಮೆರಿಕಕ್ಕೆ ಹೋದಾಗಿನಿಂದ ಅವನ ಬಗ್ಗೆ ನೇರವಾಗಿ ಏನನ್ನೂ ಕೇಳಿದವರಲ್ಲ. ಅಲ್ಲಿನ ಚಳಿ ಎಷ್ಟು ಡಿಗ್ರಿ, ಟೈಮು ಎಷ್ಟು ಹಿಂದೆ, ಇಷ್ಟೇ. ಆಮೇಲೆ ಕುಣಿಗಲ್‌ನಲ್ಲಿ ಕಟ್ಟಿಸಿಕೊಂಡಿದ್ದ ಇಡ್ಲಿ ಪೊಟ್ಟಣವನ್ನು ಡ್ಯಾಶ್‌ಬೋರ್ಡ್ ಮೇಲಿಂದ ತೆಗೆದು, ನಾನು ಕೈ ಹಾಕದ ಹಾಗೆ ಮಡಿಲಲ್ಲಿಟ್ಟುಕೊಂಡರು.

ಹುಡುಗ ಬಂದ. ಹಗಲೆಲ್ಲ ನಿದ್ದೆ, ರಾತ್ರಿ ಎರಡಕ್ಕೆ ಎಚ್ಚರ. ಜೊತೆಗೆ ಭಾವನೂ ಎದ್ದು ಕೂರುತ್ತಾರೆ, ಗ್ಲೋಬ್ ಸಮೇತ. ಹೋಗುವ ವಿಮಾನ ಮಧ್ಯಾಹ್ನದ್ದಂತೆ. "ನೆಲಮಂಗಲ ನಂಬೋ ಹಾಗಿಲ್ಲ, ಹಿಂದಿನ ದಿನವೇ ಹೊರಡೋಣ. ಕಾರು ನೀನೇ ಓಡಿಸು" ಅಂತ ನಿನ್ನೆ ಅಪ್ಪಣೆಯಾಗಿದೆ. ನಾನು ರೈಲಿನ ಟೈಮು ನೋಡುತ್ತಿದ್ದೇನೆ, ಅವರಿಬ್ಬರಿಗೆ ಮಾತ್ರ.