ಎತ್ತಿಗೆ ಜ್ವರ, ಲೆಫ್ಟ್‌ಗೆ ಬರೆ

ತಿಂಗಳ ಕೊನೆಯ ದಿನವೇ ನಮ್ಮ ಕಚೇರಿಯ ಸಂಬಳದ ಮ್ಯಾಕ್ರೋ, ಅಂದರೆ ಎಕ್ಸೆಲ್‌ನೊಳಗೆ ಲೆಕ್ಕವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಮ್, ಮುಷ್ಕರ ಹೂಡಿತು. ‘ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ’ ಎಂದು ಎಕ್ಸೆಲ್ ದೂರು ಕೊಟ್ಟಿತು. ಅಷ್ಟಕ್ಕೇ ಸುಮ್ಮನಿರದೆ ಆರೋಪಿಗೆ ಬಣ್ಣ ಬಳಿದು ತೋರಿಸಿತು: ‘ಲೆಫ್ಟ್’.

ಲೆಫ್ಟ್ ಯಾರೆಂದು ಬಲ್ಲವರಿಗೆ ನಗು ಬರಬೇಕು. ಪದದ ಎಡಬದಿಯ ನಾಲ್ಕಾರು ಅಕ್ಷರ ಕತ್ತರಿಸಿ ಕೈಗಿಡುವ ಬಡಪಾಯಿ ಫಂಕ್ಷನ್ ಅದು. 1993ರಲ್ಲಿ ಎಕ್ಸೆಲ್‌ಗೆ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎ ಬಂದಂದಿನಿಂದ ಅದೇ ಮೇಜು, ಅದೇ ಕೆಲಸ, ಬಡ್ತಿ ಕೇಳಿದ್ದಿಲ್ಲ. ಆದರೂ ವಿಚಾರಣೆ ನಡೆಯಿತು. ಲೆಫ್ಟ್ ಇದ್ದ ಸಾಲನ್ನು ಪಕ್ಕಕ್ಕಿಟ್ಟರೆ ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸುವ ಟ್ರಿಮ್ ಸಿಕ್ಕಿಬಿದ್ದಿತು, ಟ್ರಿಮ್ ಅನ್ನು ಪಕ್ಕಕ್ಕಿಟ್ಟರೆ ದಿನಾಂಕ ಹೇಳುವ ಡೇಟ್. ಇದೊಂದು ವ್ಯವಸ್ಥಿತ ಜಾಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಜಾಲದ ಸೂತ್ರಧಾರನಾದ ಲೆಫ್ಟ್‌ನ ಬಳಕೆಯನ್ನು ನಿಷೇಧಿಸಿ ಹೊರಡಿಸಿದ ಸುತ್ತೋಲೆಗೆ ಸಹಿಯೂ ಬಿದ್ದಿತು.

ಆಡ್-ಇನ್‌ಗಳ, ಅಂದರೆ ಎಕ್ಸೆಲ್‌ಗೆ ಹೊರಗಿನಿಂದ ಜೋಡಿಸುವ ಹೆಚ್ಚುವರಿ ಪ್ರೋಗ್ರಾಮ್‌ಗಳ ಕಡೆ ಬೊಟ್ಟು ಮಾಡಿದವನು ಹೊಸದಾಗಿ ಸೇರಿದ ಹುಡುಗ. ನಮ್ಮಲ್ಲಿ ವಿಭಾಗಕ್ಕೊಂದರಂತೆ ಏಳು ಆಡ್-ಇನ್‌ಗಳಿವೆ. ಏಳು ಬಾಡಿಗೆದಾರರಿಗೆ ಒಂದೇ ಮೀಟರ್ ಇದ್ದಂತೆ. ಆಡಿಟ್‌ನವರದ್ದು ತನ್ನ ಕೆಲಸಕ್ಕೆಂದು ‘ಎನೇಬಲ್ ಈವೆಂಟ್ಸ್’ ಎಂಬ, ಎಲ್ಲರಿಗೂ ಸೇರಿದ ಸ್ವಿಚ್ಚನ್ನು ಆಫ್ ಮಾಡುತ್ತದೆ, ಮತ್ತೆ ಹಾಕುವುದಿಲ್ಲ. ಶೀಟ್ ಬದಲಾದೊಡನೆ ಓಡಬೇಕಾದ ಬೇರೆಯವರ ಮ್ಯಾಕ್ರೋಗಳು ಕತ್ತಲಲ್ಲಿ ಕೂರುತ್ತವೆ. ದೋಷದ ಸಂದೇಶ ಕೂಡ ಬರುವುದಿಲ್ಲ. ಖರೀದಿ ವಿಭಾಗದ್ದೂ ಉಗ್ರಾಣದ್ದೂ ಒಂದೇ ಶಾರ್ಟ್‌ಕಟ್‌ಗೆ ಗಂಟುಬಿದ್ದಿವೆ. ಕೊನೆಗೆ ಬಂದದ್ದು ಗೆಲ್ಲುತ್ತದೆ.

ಎಲ್ಲವನ್ನೂ ತೆಗೆದು, ಒಂದೊಂದಾಗಿ ಟಿಕ್ ಹಾಕಿ ನೋಡೋಣ ಎಂದ ಹುಡುಗ. ‘ನಮ್ಮದೊಂದನ್ನು ಬಿಟ್ಟು’ ಎಂದವು ಏಳೂ ವಿಭಾಗಗಳು, ಲಿಖಿತವಾಗಿ.

ಕೊನೆಗೆ ಮ್ಯಾಕ್ರೋ ಬರೆದು ನಿವೃತ್ತರಾದ ಹಿರಿಯರಿಗೆ ಫೋನ್ ಹೋಯಿತು. ಅವರು ಮೊಮ್ಮಗಳಿಗೆ ಜಡೆ ಹಾಕುತ್ತಲೇ, ‘ಟೂಲ್ಸ್‌ನಲ್ಲಿ ರೆಫರೆನ್ಸಸ್ ತೆರೆಯಿರಿ. ಯಾವುದಕ್ಕೆ ಮಿಸ್ಸಿಂಗ್ ಎಂದಿದೆ?’ ಎಂದು ಕೇಳಿದರು. ಮ್ಯಾಕ್ರೋಗೆ ಜೋಡಿಸಿದ ಲೈಬ್ರರಿಗಳ, ಅಂದರೆ ಸಿದ್ಧ ಕೋಡ್‌ನ ಕಡತಗಳ ಪಟ್ಟಿ ಅದು. ಹಾಜರಾತಿ ಆಡ್-ಇನ್‌ನ ಹಳೆಯ ಲೈಬ್ರರಿಗೆ ಹಾಗೆಂದಿತ್ತು. ಹೊಸ ಆವೃತ್ತಿ ಹಾಕುವಾಗ ಅದು ಅಳಿಸಿಹೋಗಿತ್ತು. ಸಂಬಳದ ಮ್ಯಾಕ್ರೋಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಯಾರೋ ಒಬ್ಬರು ಕಾಣೆಯಾದರೆ ಸಾಕು, ವಿಬಿಎಗೆ ಮನೆಮಕ್ಕಳ ಗುರುತೂ ಸಿಗುವುದಿಲ್ಲ. ಟಿಕ್ ತೆಗೆದದ್ದೇ ತಡ, ಸಂಬಳವಾಯಿತು.

ಸುತ್ತೋಲೆಯನ್ನು ಮಾತ್ರ ಹಿಂಪಡೆಯಲಿಲ್ಲ. ಹಿಂಪಡೆದರೆ ಹೊರಡಿಸಿದ್ದು ತಪ್ಪೆಂದಾಗುತ್ತದೆ. ಹಾಗಾಗಿ ಇಂದಿಗೂ ನಮ್ಮಲ್ಲಿ ಎಡಬದಿಯ ನಾಲ್ಕು ಅಕ್ಷರ ಬೇಕಾದವರು ‘ಮಿಡ್’ ಎಂದು ಬರೆದು, ‘ಮೊದಲನೆಯದರಿಂದ ನಾಲ್ಕು’ ಎಂದು ವಿನಂತಿಸಿಕೊಳ್ಳಬೇಕು.